ಬಲಗಡೆಯ ಕಮಾನು

ನಿಂತ ಲಾರಿ ಕಂಡರೆ ಅದರ ಹಿಂದಿನ ಗಾಲಿಯ ಹತ್ತಿರ ಹೋಗಿ ಬಗ್ಗಿ ನೋಡುವ ಚಟವೊಂದು ನನಗಿದೆ. ಬೀಡಿ ಸೇದುವವನಲ್ಲ, ಇಸ್ಪೀಟು ಆಡುವವನಲ್ಲ, ನಶ್ಯವನ್ನೂ ಹೆಂಡತಿಯ ಸೀನು ತಡೆಯಲಾರದೆ ಬಿಟ್ಟೆ. ಇದೊಂದನ್ನು ಮಾತ್ರ ಬಿಡಲಾಗಿಲ್ಲ. ಮೊನ್ನೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹೋಟೆಲೊಂದರ ಮುಂದೆ ಲಾರಿ ನಿಂತಿತ್ತು. ಧೋತರ ಎತ್ತಿಕಟ್ಟಿ ಬಗ್ಗಿದೆ. ಒಳಗೆ ಚಹಾ ಕುಡಿಯುತ್ತಿದ್ದ ಡ್ರೈವರ್ ಲೋಟ ಹಿಡಿದುಕೊಂಡೇ ಓಡಿ ಬಂದ.

“ಯಾಕ್ರೀ ಯಜಮಾನ್ರೆ, ಏನರ ಕಳ್ಕಂಡ್ರೇನು?”

“ಏನಿಲ್ಲಪ್ಪ, ಕಮಾನು ನೋಡ್ತಿದ್ದೆ” ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಕನ್ನಡಕ, ಕೊಡೆ, ಕಂಕುಳಲ್ಲಿ ಏಳನೆಯ ಇಯತ್ತೆಯ ಉತ್ತರಪತ್ರಿಕೆಗಳ ಕಟ್ಟು. ಇಂಥವನಿಗೆ ಕಮಾನಿನ ಉಸಾಬರಿ ಏಕೆ ಎಂದು ಅವನಿಗೆ ಅನ್ನಿಸಿದ್ದರೆ ತಪ್ಪಿಲ್ಲ. ನಾನು ಪತ್ರಿಕೆಗಳನ್ನು ಸರಿಪಡಿಸಿಕೊಂಡು ಮುಂದೆ ನಡೆದೆ. ಆದರೆ ಅವನ ಪ್ರಶ್ನೆ ಮನೆಯವರೆಗೂ ಬೆನ್ನಿಗೆ ಬಂತು.

ಲಾರಿಯ ಮೈಗೂ ಗಾಲಿಯ ಅಚ್ಚಿಗೂ ನಡುವೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟೊಂದು ಇರುತ್ತದಲ್ಲ, ಅದೇ ಕಮಾನು. ಪಾರಸಿಯಲ್ಲಿ ಆ ಮಾತಿಗೆ ಬಿಲ್ಲು ಎಂದೇ ಅರ್ಥ. ಬಿಲ್ಲಿನ ಧರ್ಮ ಎರಡೇ ಎರಡು: ಭಾರ ಬಿದ್ದಾಗ ಬಾಗಬೇಕು, ಭಾರ ಹೋದಾಗ ಏಳಬೇಕು. ಬಾಗಲೊಲ್ಲದ ಕಮಾನು ಮುರಿಯುತ್ತದೆ. ಏಳಲೊಲ್ಲದ್ದು ಇದ್ದೂ ಇಲ್ಲದಂತೆ. ಮಿಸ್ತ್ರಿಗಳು ಒಂದೊಂದು ಪಟ್ಟಿಗೂ ಪ್ಲೇಟು ಎನ್ನುತ್ತಾರೆ. ಎಲ್ಲಕ್ಕಿಂತ ಉದ್ದನೆಯದು ಮೇಲೆ, ಅದು ಮೇನ್ ಪ್ಲೇಟು. ಕೆಳಕೆಳಗೆ ಒಂದಕ್ಕಿಂತ ಒಂದು ಗಿಡ್ಡ. ಮೇನ್ ಪ್ಲೇಟಿನ ಎರಡು ತುದಿಗಳಷ್ಟೇ ಲಾರಿಗೆ ಸಿಕ್ಕಿಕೊಂಡಿರುತ್ತವೆ. ಉಳಿದವೆಲ್ಲ ಅದಕ್ಕೆ ಒತ್ತಾಸೆಯಾಗಿ ಸುಮ್ಮನೆ ಕೆಳಗಿರುತ್ತವೆ. ನಮ್ಮ ಅವಿಭಕ್ತ ಕುಟುಂಬಗಳೂ ಹೀಗೇ ನಡೆದದ್ದು. ಹೊರಗಿನವರಿಗೆ ಹಿರಿಯನ ಹೆಸರೊಂದೇ ಗೊತ್ತು.

ಇಷ್ಟೆಲ್ಲ ನಾನು ಬೇಕೆಂದು ಕಲಿತದ್ದಲ್ಲ. ಅಪ್ಪ ತೀರಿಕೊಂಡಾಗ ನನ್ನ ಪಾಲಿಗೆ ಬಂದದ್ದು ಎರಡು: ಅವನ ದಮ್ಮು, ಅವನ ಲಾರಿ. ಏರು ಹತ್ತುವಾಗ ಎರಡೂ ಒಂದೇ ದನಿ ಮಾಡುತ್ತಿದ್ದವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿ ಅದು. ಯಾವ ಯಾವ ಮರಳುಗಾಡು ಸುತ್ತಿ ಬಂದಿತ್ತೋ, ನಮ್ಮ ಊರಿಗೆ ಬಂದು ಹಳ್ಳಿಗಳಿಂದ ಗಿರಣಿಗಳಿಗೆ ಹತ್ತಿಯ ಅಂಡಿಗೆ ಹೊರುತ್ತಿತ್ತು. ಓಡಿಸುತ್ತಿದ್ದವನು ಅಪ್ಪನ ಕಾಲದ ಡ್ರೈವರ್ ರುದ್ರಣ್ಣ. ಶಾಲೆಯಲ್ಲಿ ವ್ಯಾಕರಣ ಹೇಳುತ್ತಿದ್ದ ನನ್ನ ಕೆಲಸ ಒಂದೇ, ಚಿಂತೆ ಮಾಡುವುದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಲಾರಿ ಇಟ್ಟು ನೋಡು ಎಂದೂ ಸೇರಿಸುತ್ತಿದ್ದರು. ಪಾಪ, ಅವರ ಕಾಲದಲ್ಲಿ ಲಾರಿ ಇರಲಿಲ್ಲ.

ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿರಬೇಕು. ದೊಡ್ಡವ್ವನ ಮಗಳು ಸುಶೀಲಾಳ ಮದುವೆ ನಿಶ್ಚಯವಾಯಿತು. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದವಳು, ನನ್ನ ತಾಯಿ ಇಲ್ಲದ ಮನೆಯನ್ನು ಮನೆಯಾಗಿ ಇಟ್ಟವಳು. ಗಂಡಿನ ಊರು ಹರಿಹರ ದಾಟಿ, ತುಂಗಭದ್ರೆಯ ಆಚೆ ದಡದಲ್ಲಿ. ನಮ್ಮ ಹಿರಿಯರು ಅದನ್ನು ಆಗಲೂ ‘ಬೊಂಬಾಯಿ ಸೀಮೆ’ ಎನ್ನುತ್ತಿದ್ದರು. ಮದುವೆ ಗಂಡಿನ ಮನೆಯಲ್ಲಿ. ದಿಬ್ಬಣ ಹೋಗುವುದು ಯಾವುದರಲ್ಲಿ ಎಂದು ಯಾರೂ ಕೇಳಲಿಲ್ಲ. ಮನೆಯಲ್ಲೇ ಲಾರಿ ಇರುವಾಗ ಕೇಳುವುದೇನು?

ಮದುವೆಗೆ ಎಂಟು ದಿನ ಇದ್ದಾಗ ರುದ್ರಣ್ಣ ಲಾರಿಯನ್ನು ಖಾಜಾಸಾಬ್ ಮಿಸ್ತ್ರಿಯ ಹುಣಸೆ ಮರದ ಕೆಳಗೆ ನಿಲ್ಲಿಸಿದ. ಎಡಗಡೆ ಏನೋ ಕಿರುಗುಟ್ಟುತ್ತಿದೆ ಎಂಬುದು ಅವನ ದೂರು. ಮಿಸ್ತ್ರಿ ಲಾರಿಯ ಹತ್ತಿರ ಬರಲೇ ಇಲ್ಲ. ಹದಿನೈದು ಹೆಜ್ಜೆ ಹಿಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಹೆಣ್ಣು ನೋಡಲು ಬಂದವರಂತೆ ಅದರ ನಿಲುವನ್ನು ನೋಡಿದ. ಆಮೇಲೆ ಗೇಣು ಹಾಕಿ ಅಚ್ಚಿಗೂ ಮೇಲಿನ ಮೈಗೂ ಎಷ್ಟು ಅಂತರವಿದೆಯೆಂದು ಎರಡೂ ಕಡೆ ಅಳೆದ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎಡಗಡೆಯ ಪ್ಲೇಟುಗಳನ್ನು ಒರೆಸಿ, ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಕಿವಿ ಹಚ್ಚಿದ. ಗಟ್ಟಿ ಪ್ಲೇಟು ಠಣ್ ಎನ್ನುತ್ತದೆ, ಸೀಳಿದ್ದು ಒಡಕು ಮಡಕೆಯಂತೆ ಮೊಂಡು ದನಿ ಕೊಡುತ್ತದೆ. ಎಡಗಡೆಯ ಮೇನ್ ಪ್ಲೇಟು ಮೊಂಡು ದನಿ ಕೊಟ್ಟಿತು.

“ರುದ್ರಣ್ಣ, ಎಷ್ಟು ಅಂಡಿಗೆ ಹೇರ್ತೀಯಪ್ಪ?” ಎಂದು ಮಿಸ್ತ್ರಿ ಕೇಳಿದ. ಹೆಚ್ಚೇನೂ ಹೇರುವುದಿಲ್ಲವೆಂದು ರುದ್ರಣ್ಣ ಒಂದು ಲೆಕ್ಕ ಹೇಳಿದ. ಮಿಸ್ತ್ರಿ ನನ್ನ ಕಡೆ ತಿರುಗಿ, “ಮೇಷ್ಟ್ರೆ, ಮನುಷ್ಯ ಸುಳ್ಳು ಹೇಳ್ತಾನೆ, ಕಮಾನು ಹೇಳಲ್ಲ” ಎಂದು ನಕ್ಕ.

ಆ ಮಿಲಿಟರಿ ಗಾಡಿಗೆ ಹೊಸ ಕಮಾನು ಸಿಗುವ ಮಾತೇ ಇರಲಿಲ್ಲ. ಮಿಸ್ತ್ರಿ ಅದೇ ಜಾತಿಯ ಮುದಿ ಲಾರಿಯೊಂದರ ಎಲುಬುಗಳ ನಡುವೆ ಹುಡುಕಿ ಒಂದು ಒಳ್ಳೆಯ ಮೇನ್ ಪ್ಲೇಟು ತಂದ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿನಿಂದ ಹಿಂಬದಿ ಎತ್ತಿ, ರೈಲುಹಳಿಯ ಹಳೆಯ ಮರದ ದಿಮ್ಮಿಗಳ ಮೇಲೆ ಅದನ್ನು ಕೂರಿಸಿದ. ತುಕ್ಕು ಹಿಡಿದ ನಟ್ಟುಗಳಿಗೆ ಒಂದು ದಿನವೆಲ್ಲ ಸೀಮೆಎಣ್ಣೆ ಕುಡಿಸಿದ. ಬಿಚ್ಚಿದ ಪ್ಲೇಟುಗಳನ್ನು ಗೋಣಿತಟ್ಟಿನ ಮೇಲೆ ಸಾಲಾಗಿ ಮಲಗಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಳೆಯದರ ಬಾಗು ಬರೆದು, ಹೊಸದನ್ನು ಅದರ ಮೇಲಿಟ್ಟು ನೋಡಿದ. ಆ ಸೀಮೆಸುಣ್ಣ ನನ್ನ ಜೇಬಿನದು. ನನ್ನಿಂದ ಆ ಕೆಲಸಕ್ಕಾದ ಸಹಾಯ ಅಷ್ಟೇ.

ಎಲ್ಲ ಕಟ್ಟಿ ಮುಗಿದ ಮೇಲೆ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, “ಮೇಷ್ಟ್ರೆ, ಬಲಗಡೇದೂ ಬಿಚ್ಚಿ ನೋಡಾಣ. ಕಮಾನು ಅಂದ್ರೆ ಜೋಡಿ. ಒಂದು ಕಡೆ ಜವಾನ, ಒಂದು ಕಡೆ ಬುಡ್ಡಾ, ಬರೋಬ್ಬರಿ ಆಗಲ್ಲ” ಎಂದ.

ಬಿಚ್ಚಿದರೆ ಇನ್ನೂ ನಾಲ್ಕು ದಿನ. ಅಷ್ಟರಲ್ಲಿ ಗಂಡಿನ ಮನೆಗೆ ಅಕ್ಕಿ, ಪಾತ್ರೆ ಸಾಗಿಸಬೇಕಿತ್ತು. ನಾನು ಬಗ್ಗಿ ಬಲಗಡೆಯನ್ನು ನೋಡಿದೆ. ಮಿಸ್ತ್ರಿಯ ಸುತ್ತಿಗೆ ತೆಗೆದುಕೊಂಡು ಒಂದು ಸಲ ತಟ್ಟಿದೆ. ಠಣ್ ಎಂದಿತು. “ಇದು ಗಟ್ಟಿಯಾಗೈತೆ, ಬ್ಯಾಡ ಬಿಡು” ಎಂದೆ. ನಾಲ್ಕು ದಿನದ ಹಿಂದೆ ಕಮಾನು ಎಂದರೆ ಸೇತುವೆಯ ಕಮಾನು ಎಂದಷ್ಟೇ ತಿಳಿದಿದ್ದವನು, ನಲವತ್ತು ವರ್ಷ ಕೈ ಪಳಗಿದ ಮಿಸ್ತ್ರಿಗೆ ತೀರ್ಪು ಕೊಟ್ಟಿದ್ದೆ. ಮೇಷ್ಟ್ರುಗಳ ರೋಗವೇ ಇದು. ಕೈಗೆ ಏನು ಕೊಟ್ಟರೂ ಅದು ಬೆತ್ತವಾಗುತ್ತದೆ.

ಲಾರಿ ಹುಣಸೆ ಮರದ ಕೆಳಗಿಂದ ಹೊರಟಾಗ ಬಲಕ್ಕೆ ವಾಲಿತ್ತು. ಎಡಗಡೆ ಎದ್ದು ನಿಂತಿತ್ತು, ಬಲಗಡೆ ಕುಸಿದು ಕೂತಿತ್ತು. ಹರಿಹರದ ದೇವರು ಒಂದೇ ಮೈಯಲ್ಲಿ ಇಬ್ಬರು. ಅರ್ಧ ಹರ, ಅರ್ಧ ಹರಿ. ಒಂದು ಕಡೆ ಜಟೆ, ಒಂದು ಕಡೆ ಕಿರೀಟ. ಇಷ್ಟು ಶತಮಾನವಾದರೂ ಯಾವ ಕಡೆಗೂ ವಾಲಿಲ್ಲ. ಅದನ್ನು ಕೂರಿಸಿದ ಶಿಲ್ಪಿ ನನ್ನನ್ನು ಕೇಳಿ ಕೂರಿಸಲಿಲ್ಲ, ಅದೇ ಕಾರಣವಿರಬೇಕು.

ದಿಬ್ಬಣದ ಹಿಂದಿನ ದಿನ ಲಾರಿ ತೊಳೆಸಿದೆವು. ತೊಳೆದ ಮೇಲೆ ಬಲಗಡೆಯ ಮೇನ್ ಪ್ಲೇಟಿನ ಮೇಲೆ, ನಡುವಿನ ಬೋಲ್ಟುಗಳ ಪಕ್ಕದಲ್ಲಿ, ಅಡ್ಡಕ್ಕೆ ಒಂದು ಕೆಂಪು ಗೆರೆ ಕಂಡಿತು. ಕೂದಲಿನಷ್ಟು ಸಣ್ಣದು, ಅರ್ಧ ಬೆರಳಿನಷ್ಟು ಉದ್ದ. ಸೀಳಿದ ಜಾಗದಲ್ಲಿ ನೀರು ಇಳಿದರೆ ತುಕ್ಕು ಹೀಗೇ ಕೆಂಪಗೆ ಬರುತ್ತದೆ ಎಂದು ಮಿಸ್ತ್ರಿ ಎಡಗಡೆಯದನ್ನು ತೋರಿಸುವಾಗ ಹೇಳಿದ್ದ. ರುದ್ರಣ್ಣನನ್ನು ಕರೆದೆ. ಅವನು ಉಗುರಿನಿಂದ ಕೆರೆದು, “ಹಳೇ ಗೆರೆ ಅದು ಮೇಷ್ಟ್ರೆ, ಏನೂ ಆಗಲ್ಲ” ಎಂದ. ಆದರೆ ಹೆಚ್ಚು ಹೇರುವುದಿಲ್ಲ ಎಂದವನೂ ಅವನೇ. ಮಿಸ್ತ್ರಿಯ ಬಳಿ ಓಡಿದೆ. ಅವನು ಕಡರನಾಯಕನಹಳ್ಳಿಗೆ ಹೋಗಿದ್ದ, ಅಲ್ಲಿ ಯಾರದೋ ಹಿಟ್ಟಿನ ಗಿರಣಿಯ ಎಂಜಿನ್ನು ನಿಂತಿತ್ತಂತೆ. ಬರುವುದು ಎರಡು ದಿನದ ಮೇಲೆ. ಹೆದರಿದವನ ಮೇಲೆ ಹಾವು ಎಸೆದಂತಾಯಿತು.

ಬೇರೆ ಲಾರಿ ನೋಡಬಹುದಿತ್ತು ಎನ್ನುತ್ತೀರಿ. ಮದುವೆಯ ಕಾಲ, ಇಡೀ ಊರಿನಲ್ಲಿ ಲಾರಿಗಳು ಅಂಡಿಗೆ ಇಳಿಸಿ ಬೀಗರನ್ನು ಹೊರುತ್ತಿದ್ದವು. ಬಾಯಿಬಿಟ್ಟು ಹೇಳಬಹುದಿತ್ತು ಎನ್ನುತ್ತೀರಿ. ಹಸೆಗೆ ಕೂರುವ ಹುಡುಗಿಯ ಮುಂದೆ ‘ಮುರಿಯುತ್ತದೆ’ ಎಂಬ ಮಾತು ಆಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಮಿಸ್ತ್ರಿ ಬಿಚ್ಚೋಣವೆಂದರೂ ಗಟ್ಟಿ ಎಂದವನು ನಾನು. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಯಿತು. ನಾಚಿಕೆಗಾಗಿ ನಲವತ್ತು ಜನರನ್ನು ಆ ಪ್ಲೇಟಿನ ಮೇಲೆ ಕೂರಿಸಲು ಹೊರಟಿದ್ದೆ.

ಗೆರೆಯ ಎರಡೂ ತುದಿಗೆ ಸೀಮೆಸುಣ್ಣದಿಂದ ಒಂದೊಂದು ಗುರುತು ಹಾಕಿದೆ. ಗೆರೆ ಗುರುತು ದಾಟಿದರೆ ಸೀಳು, ದಾಟದಿದ್ದರೆ ಕಲೆ. ಪರೀಕ್ಷೆಯೇನೋ ಚೆನ್ನಾಗಿತ್ತು. ಊಟಕ್ಕೆ ಮುಂಚೆ ಒಮ್ಮೆ ನೋಡಿದೆ, ಊಟವಾದ ಮೇಲೆ ಒಮ್ಮೆ ನೋಡಿದೆ. ನಿಂತ ಲಾರಿಯಲ್ಲಿ ಗೆರೆ ಬೆಳೆಯುವುದಿಲ್ಲ ಎಂಬ ಬುದ್ಧಿ ಆಮೇಲೆ ಬಂತು.

ಮಾರನೆಯ ದಿನ ಇಳಿಹೊತ್ತಿಗೆ ಜನ ಹತ್ತಿದರು. ರುದ್ರಣ್ಣ ನನ್ನ ಕಿವಿಯಲ್ಲಿ, “ತೂಕದೋರ್ನ ಎಡಕ್ಕೆ ಕೂಡ್ಸ್ರಿ, ಗಾಡಿ ಸಮಾ ಆಕೈತೆ” ಎಂದ. ಮದುವೆಯ ಮನೆಯಲ್ಲಿ ದಪ್ಪಗಿದ್ದವರನ್ನು ಹೆಸರು ಹಿಡಿದು ಎಡಕ್ಕೆ ಕರೆಯುವುದು ಹೇಗೆ? “ಎಡಗಡೆ ನೆರಳು ಐತೆ ಬರ್ರಿ, ಎಡಗಡೆ ಬರ್ರಿ” ಎಂದು ಉಪಚಾರ ಮಾಡಿದೆ. ನಮ್ಮ ಸೋದರಮಾವ ಒಬ್ಬರೇ ಎರಡು ಅಂಡಿಗೆಯ ಸಮ. ಅವರು ಸಂತೋಷದಿಂದ ಎಡಕ್ಕೆ ಕೂತರು. ಲಾರಿ ಹರಿಹರದ ರಸ್ತೆಗೆ ತಿರುಗಿದ್ದೇ ತಡ, ಬಿಸಿಲು ಸರಿಯಾಗಿ ಎಡಗಡೆಯೇ ಬಿತ್ತು. ಮಾವ ಟವಲಿನ ಸಂದಿಯಿಂದ ನನ್ನನ್ನು ನೋಡಿದ ನೋಟ ನನಗೆ ಇನ್ನೂ ಮರೆತಿಲ್ಲ.

ಹರಿಹರಕ್ಕೆ ಎಂಟೊಂಬತ್ತು ಮೈಲಿ. ಹೆಂಗಸರು ಸೋಬಾನೆ ಹಾಡುತ್ತಿದ್ದರು. ನಾನು ಬಲಗಡೆಯ ಹಿಂದಿನ ಮೂಲೆಯಲ್ಲಿ, ಹಲಗೆಗೆ ಕಿವಿ ಹಚ್ಚಿ ಕೂತಿದ್ದೆ. ಗುಂಡಿ ಬಂದಾಗಲೆಲ್ಲ ಕೆಳಗಿನಿಂದ ಕಿರ್ ಎನ್ನುತ್ತಿತ್ತು, ನಾನು ಹಲ್ಲು ಕಚ್ಚುತ್ತಿದ್ದೆ. ಸುಶೀಲಾ ಒಂದು ಸಲ, “ಯಾಕಣ್ಣ, ಹಲ್ಲು ನೋವಾ?” ಎಂದು ಕೇಳಿದಳು. ಹೌದು ಎಂದೆ. ಆ ದಿನ ನನ್ನ ಬಾಯಿಂದ ಬಂದ ಸುಳ್ಳುಗಳ ಲೆಕ್ಕ ಇಟ್ಟಿಲ್ಲ. ದಾರಿಯಲ್ಲಿ ಎರಡು ಸಲ ನೀರಿನ ನೆಪ ಹೇಳಿ ಇಳಿದು ಬಗ್ಗಿ ನೋಡಿದೆ. ಗೆರೆ ಗುರುತಿನೊಳಗೇ ಇತ್ತು.

ಸೇತುವೆಯ ಹತ್ತಿರ ಮೂರನೆಯ ಸಲ ಇಳಿದೆ. ಧೂಳು ಕೂತು ಗೆರೆಯೂ ಕಾಣಲಿಲ್ಲ, ಸೀಮೆಸುಣ್ಣವೂ ಕಾಣಲಿಲ್ಲ. ಒರೆಸಿದರೆ ಸೀಮೆಸುಣ್ಣದ ಗುರುತು ಅಳಿಸಿಹೋಯಿತು, ಗೆರೆ ಬೆಳೆದಿದೆಯೋ ಇಲ್ಲವೋ ತಿಳಿಯುವ ಬಗೆಯೇ ಉಳಿಯಲಿಲ್ಲ. ಎದುರಿಗೆ ಕಲ್ಲಿನ ಕಮಾನುಗಳ ಹಳೆಯ ಸೇತುವೆ, ಒಂದು ಗಾಡಿಗೆ ಇನ್ನೊಂದು ಗಾಡಿ ದಾರಿ ಬಿಡಬೇಕಾದಷ್ಟು ಕಿರಿದು, ಕೆಳಗೆ ಹೊಳೆ. ಮೇನ್ ಪ್ಲೇಟು ಮುರಿದರೆ ಆ ಕಡೆಯ ಗಾಲಿ ಹಿಂದಕ್ಕೆ ಸರಿದು ಲಾರಿ ಪಕ್ಕಕ್ಕೆ ಎಳೆಯುತ್ತದೆ ಎಂದು ಮಿಸ್ತ್ರಿ ಹೇಳಿದ್ದ. ರಸ್ತೆಯಲ್ಲಾದರೆ ಹೊಲಕ್ಕೆ ಇಳಿಯುತ್ತದೆ. ಇಲ್ಲಿ ಇಳಿಯುವುದು ಎಲ್ಲಿಗೆ? ಹಿಂದಕ್ಕೆ ಬಂದು, ಏನು ಹೇಳುತ್ತಿದ್ದೇನೆಂದು ಯೋಚಿಸದೆ ಹೇಳಿಬಿಟ್ಟೆ.

“ದೊಡ್ಡವ್ವಾ, ಎಲ್ರೂ ಇಳೀಬೇಕು. ಮದುವಣಗಿತ್ತಿ ಹೊಳೇನ ನಡದೇ ದಾಟಬೇಕಂತೆ. ನಮ್ಮ ಮನೆತನದ ಪದ್ಧತಿ. ಅಪ್ಪ ಹೇಳ್ತಿದ್ದ.”

ಹಾಡು ನಿಂತಿತು. ಬಿಸಿಲಲ್ಲಿ ಬೆಂದಿದ್ದ ಸೋದರಮಾವ, “ಯಾವ ಪದ್ಧತಿಯೋ? ನಾನು ಅರವತ್ತು ವರ್ಷದಾಗ ಕೇಳಿಲ್ಲ” ಎಂದರು.

ದೊಡ್ಡವ್ವ ನನ್ನ ಮುಖ ನೋಡಿದಳು. ನನ್ನ ಮಸಿ ಹತ್ತಿದ ಕೈ ನೋಡಿದಳು. ಸೆರಗು ಸರಿ ಮಾಡಿಕೊಂಡು ಎದ್ದಳು. “ಐತೆ ಐತೆ, ನಿಮಗೇನು ಗೊತ್ತು. ನಾನು ಮದುವ್ಯಾಗಿ ಬಂದಾಗ್ಲೂ ಹೊಳೆ ನಡದೇ ದಾಟಿ ಬಂದಾಕಿ. ಇಳೀರಿ ಎಲ್ರೂ.”

ಇಳಿದರು. ಖಾಲಿ ಲಾರಿಯನ್ನು ರುದ್ರಣ್ಣ ಎತ್ತಿನ ನಡಿಗೆಯಲ್ಲಿ ಬಿಟ್ಟ. ಓಲಗದವರು ಮುಂದೆ, ಜನ ಹಿಂದೆ. ನಾನು ಎಲ್ಲರನ್ನೂ ಬಿಟ್ಟು ಬಲಗಡೆಯ ಗಾಲಿಯ ಹಿಂದೆಯೇ, ಕತ್ತು ಬಗ್ಗಿಸಿಕೊಂಡು, ಆ ಪ್ಲೇಟನ್ನು ನೋಡುತ್ತ ನಡೆದೆ. ಸೇತುವೆ ಅರ್ಧ ದಾಟಿದಾಗ ನೆನಪಾಯಿತು: ದೊಡ್ಡವ್ವನ ತವರು ಹದಡಿ. ಹದಡಿಗೂ ದಾವಣಗೆರೆಗೂ ನಡುವೆ ಹೊಳೆಯೇ ಇಲ್ಲ. ಮುದುಕಿಗೆ ಮರೆವು ಎಂದುಕೊಂಡೆ. ಪ್ಲೇಟು ಮುರಿಯಲಿಲ್ಲ. ಆಚೆ ದಡದಲ್ಲಿ ಬೀಗರು ಕಾಯುತ್ತಿದ್ದರು, ನಡೆದುಬಂದ ದಿಬ್ಬಣವನ್ನು ಕಂಡು ಇವರು ಭಾರಿ ನೇಮನಿಷ್ಠೆಯವರು ಎಂದು ತಲೆದೂಗಿದರು.

ಮದುವೆ ಮುಗಿಸಿ ಬಂದ ಮೇಲೆ, ನಾನೇ ಲಾರಿಯನ್ನು ಖಾಜಾಸಾಬನ ಮುಂದೆ ನಿಲ್ಲಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಅವನು ಬಲಗಡೆಯನ್ನು ಬಿಚ್ಚಿದ. ಮೇನ್ ಪ್ಲೇಟಿನ ಮೇಲಿನ ಗೆರೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿದ; ಹೋಯಿತು. ಎಂದೋ ಏನೋ ತಿಕ್ಕಿದ ಕಲೆ. ತಟ್ಟಿದರೆ ದೇವಸ್ಥಾನದ ಗಂಟೆಯಂತೆ ಠಣ್ ಎಂದಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವನು ಅದರ ಕೆಳಗಿನ ಎರಡನೆಯ ಪ್ಲೇಟನ್ನು ಎತ್ತಿದ. ಅದು ಎರಡು ತುಂಡಾಗಿ ಅವನ ಎರಡು ಕೈಗೆ ಬಂತು. ಬೋಲ್ಟುಗಳ ಹಿಡಿತದ ಅಡಿಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ ಮುರಿದಿತ್ತು. ಮುರಿದ ಮುಖ ಪೂರ್ತಿ ಕಪ್ಪಾಗಿತ್ತು. ವರ್ಷವಾದರೂ ಆಗಿರಬೇಕು ಎಂದ.

“ನೀವು ಒಳ್ಳೇದನ್ನ ನೋಡಿ ಹೆದರಿದ್ರಿ ಮೇಷ್ಟ್ರೆ. ಮುರಿದಿದ್ದು ಚುಪ್ ಚಾಪ್ ಕೆಳಗೆ ಕೂತಿತ್ತು.”

ಈ ಸಲ ಎರಡೂ ಕಡೆ ಜೋಡಿಯಾಗಿ ಪ್ಲೇಟು ಹಾಕಿಸಿದೆ. ಹೇರು ಹಾಕಿ ಎರಡು ದಿನ ಓಡಿಸಿ, ಮತ್ತೆ ತಂದು ಬೋಲ್ಟು ಬಿಗಿ ಮಾಡಿಸಿದೆ. ಲಾರಿ ನೆಟ್ಟಗೆ ನಿಂತಿತು. ಚಿಂತೆಗೆ ನಾನು ಆಗಾಗ ತಪ್ಪು ಪ್ಲೇಟನ್ನು ಆರಿಸಿಕೊಳ್ಳುತ್ತೇನೆ ಎಂಬ ಜ್ಞಾನವೂ ಆಯಿತು. ಅದರಿಂದ ಚಿಂತೆಯೇನೂ ಕಡಿಮೆಯಾಗಲಿಲ್ಲ. ಈಗ ಎಲ್ಲ ಪ್ಲೇಟುಗಳ ಬಗ್ಗೆಯೂ ಚಿಂತೆ ಮಾಡುತ್ತೇನೆ.

ಇದು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ವರ್ಷವೇ ನಮ್ಮ ಓಣಿಯ ಇನ್ನೊಂದು ಹುಡುಗಿ ಹೊಳೆಯಾಚೆಗೆ ಮದುವೆಯಾದಳು. ಅವಳ ದಿಬ್ಬಣವೂ ಸೇತುವೆಯ ಮೇಲೆ ನಡೆಯಿತಂತೆ. ಆಮೇಲೆ ಮತ್ತೊಂದು. ನಾಲ್ಕೈದು ವರ್ಷದಲ್ಲಿ, ಹೆಣ್ಣು ಹೊಳೆ ದಾಟುವಾಗ ಇಳಿದು ನಡೆಯುವುದು ನಮ್ಮ ಓಣಿಯವರಿಗೆ ತಲತಲಾಂತರದ ಪದ್ಧತಿಯಾಗಿತ್ತು. ಕಳೆದ ವರ್ಷ ಪಕ್ಕದ ಮನೆಯ ಹುಡುಗಿಯ ದಿಬ್ಬಣಕ್ಕೆ ನಮ್ಮ ಲಾರಿಯೇ ಹೋಯಿತು. ಕಮಾನು ಗಟ್ಟಿ, ಹೊತ್ತು ಮೀರುತ್ತಿತ್ತು. “ಇಳಿಯೋದೇನು ಬ್ಯಾಡ, ಸೀದಾ ಹೋಗೋಣ” ಎಂದೆ. ಹುಡುಗಿಯ ತಾಯಿ ನನ್ನನ್ನು ಧರ್ಮಭ್ರಷ್ಟನೆಂಬಂತೆ ನೋಡಿದಳು. ಎಲ್ಲರಿಗಿಂತ ಮೊದಲು ಇಳಿದವಳು ನಮ್ಮ ದೊಡ್ಡವ್ವ.

ನಾನು ಅವಳ ಕೈ ಹಿಡಿದು ನಡೆಸುತ್ತ, ಇಷ್ಟು ವರ್ಷ ಹೊಟ್ಟೆಯಲ್ಲಿದ್ದದ್ದನ್ನು ಹೇಳಿಬಿಟ್ಟೆ. “ದೊಡ್ಡವ್ವಾ, ಇದು ಪದ್ಧತಿ ಅಲ್ಲ. ಆವತ್ತು ಕಮಾನು ಮುರೀತೈತೆ ಅಂತ ಹೆದರಿ ನಾನೇ ಸುಳ್ಳು ಹೇಳಿದ್ದೆ.”

“ಗೊತ್ತೈತೆ ಬಿಡೋ” ಎಂದಳು. “ದಾರಿ ತುಂಬ ಇಳಿದಿಳಿದು ಬಗ್ಗಿ ನೋಡ್ತಿದ್ದಿ. ಹದಡಿಗೆ ಹೊಳೆ ಎಲ್ಲೈತೆ?”

“ಮತ್ತೆ ಯಾಕ ಈ ಪದ್ಧತಿ ನಡಸ್ಕಂಡು ಬಂದೆ?”

ಅವಳು ಮುಂದೆ ಹೋಗುತ್ತಿದ್ದ ತಾಯಿಮಗಳನ್ನು ನೋಡಿದಳು. ಹುಡುಗಿ ತಾಯಿಯ ಕೈ ಹಿಡಿದಿದ್ದಳು.

“ಮದುವಿ ಗದ್ದಲದಾಗ ಸುಶೀಲಿ ಒಂದು ಗಳಿಗಿ ನನಗೆ ಸಿಕ್ಕಿರಲಿಲ್ಲ. ಆವತ್ತು ಈ ಸೇತುವಿ ಮ್ಯಾಲೆ ಅಷ್ಟು ಹೊತ್ತು ನನ್ನ ಕೈ ಬಿಡಲಿಲ್ಲ ನೋಡು. ಆಮೇಲೆ ಅಕಿ ಬರೋದು ಹಬ್ಬಕ್ಕೆ, ಹೋಗೋದು ಮರುದಿನಕ್ಕೆ. ನನಗೆ ಸಿಕ್ಕಿದ್ದು ಇವ್ರಿಗೂ ಸಿಗ್ಲಿ ಅಂದೆ.”

ಸುಶೀಲಾ ನನ್ನ ಬೆನ್ನ ಮೇಲೆ ಬೆಳೆದವಳು. ಅವಳು ನಮ್ಮ ಮನೆಯವಳಾಗಿ ನಡೆದ ಕೊನೆಯ ದಾರಿ ಅದು. ಅವಳು ಅತ್ತಳೋ, ನಕ್ಕಳೋ, ಹೊಳೆಯ ಕಡೆ ನೋಡಿದಳೋ, ನನಗೆ ಗೊತ್ತಿಲ್ಲ. ಅವಳಿಗಿಂತ ಹತ್ತೇ ಹೆಜ್ಜೆ ಮುಂದೆ ನಡೆದ ನಾನು, ಈ ದಡದಿಂದ ಆ ದಡದವರೆಗೆ, ಮುರಿಯದೆ ಇದ್ದ ಒಂದು ಪ್ಲೇಟನ್ನು ನೋಡುತ್ತಿದ್ದೆ.

ಏನರ ಕಳ್ಕಂಡ್ರೇನು ಎಂದು ಪಿ.ಜೆ. ಬಡಾವಣೆಯ ಆ ಡ್ರೈವರ್ ಕೇಳಿದ್ದು ಸರಿಯಾದ ಪ್ರಶ್ನೆಯೇ. ಏನಿಲ್ಲಪ್ಪ ಎಂದು ನಾನು ಕೊಟ್ಟ ಉತ್ತರಕ್ಕೆ, ನನ್ನ ಶಾಲೆಯ ಮಕ್ಕಳ ಉತ್ತರಪತ್ರಿಕೆಯಲ್ಲಾಗಿದ್ದರೆ, ನಾನೇ ಅಂಕ ಕೊಡುತ್ತಿರಲಿಲ್ಲ.